ಬರಿಗೈಲಿ ಬಂದವರಿಗೆ ಬಳೆ

ಸತ್ಯಮ್ಮನ ಬಾಯಿಗೆ ಹೆದರದವರು ಊರಲ್ಲಿ ಇಬ್ಬರೇ ಇದ್ದರು. ಒಬ್ಬ ಊರ ಮುಂದಿನ ಆಂಜನೇಯ, ಇನ್ನೊಬ್ಬ ಅವಳ ಗಂಡ ಹುಲುಗೇಶ. ಆಂಜನೇಯನದು ಬಿಡಿ, ಕಲ್ಲು. ಕೇಳಿಸಿದರೂ ಏನು ಮಾಡಿಯಾನು? ಹುಲುಗೇಶನಿಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು. ಕೇಳಿಸಿಕೊಂಡು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಹೊಟ್ಟೆ ಅಲುಗಿಸಿ ನಗುತ್ತಿದ್ದ. ಕುರುಗೋಡಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಸತ್ಯಮ್ಮ ಮಾತಾಡುತ್ತಿದ್ದದ್ದೇ ಆ ನಗು ನೋಡಲಿಕ್ಕೆ. ಹಾಗಂತ ಅವಳೇ ಹೇಳಿಕೊಂಡಿದ್ದಾಳೆ, ಸುಳ್ಳಿರಲಾರದು.

ಊರಿರುವುದು ಸಿರುಗುಪ್ಪದಿಂದ ಹಚ್ಚೊಳ್ಳಿಗೆ ಹೋಗುವ ಬಸ್ಸಿನ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ. ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನಲ್ಲಿ ಸತ್ಯಮ್ಮ ಇದ್ದರೆ ಬಗ್ಗಿದ ಸೊಂಟಗಳಿಗೆ ನೋವೇ ತಿಳಿಯುತ್ತಿರಲಿಲ್ಲ ಎನ್ನುತ್ತಾರೆ. ಗದ್ದೆಯ ಬದುವಿನ ಮೇಲೆ ಹೋಗುವ ಮೇಸ್ತ್ರಿ, ಟ್ರ್ಯಾಕ್ಟರಿನವ, ಓಟು ಕೇಳಲು ಬಂದವ, ಯಾರನ್ನೂ ಅವಳು ಸುಮ್ಮನೆ ಹೋಗಗೊಟ್ಟವಳಲ್ಲ. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದಳು. ಬೈಸಿಕೊಂಡವನೂ ನಗುತ್ತಲೇ ಹೋಗುತ್ತಿದ್ದ.

ಇಂಥವಳ ಕೈಗೆ ಊರಿನ ಬಳೆ ಬುಟ್ಟಿ ಬಂದದ್ದರಲ್ಲಿ ಏನು ಆಶ್ಚರ್ಯ? ಯುಗಾದಿಯ ಮರುದಿನ ಆ ಊರಿನ ಗಂಡಸರು ಮೊಲದ ಬೇಟೆಗೆ ಹೋಗುತ್ತಾರೆ. ಹಿಂದಿನಿಂದ ಬಂದ ಪದ್ಧತಿ. ಉಳಿದವರೆಲ್ಲ ಕೂಗುತ್ತಾ ಜಾಲಿ ಪೊದೆಗಳನ್ನು ಬಡಿದು ಮೊಲಗಳನ್ನು ಅಟ್ಟಿಕೊಂಡು ಬರುವುದು, ಆ ಕಡೆ ಬಲೆ ಕಟ್ಟಿಕೊಂಡು ಬಲೆ ಮನೆಯವನು, ಅಂದರೆ ಊರ ಬಲೆ ಇಟ್ಟುಕೊಂಡ ಮನೆತನದವನು, ಒಬ್ಬನೇ ಕೂತಿರುವುದು. ಒಂದಾದರೂ ಮೊಲ ತರಬೇಕು, ತಂದದ್ದನ್ನು ಚೂರಾದರೂ ಮನೆಮನೆಗೆ ಹಂಚಬೇಕು. ಹೆಂಗಸರು ಊರ ಹೊರಗಿನ ಬೇವಿನ ಮರದ ಕೆಳಗೆ ಕಾದು ನಿಂತಿರುತ್ತಾರೆ. ಮೊಲ ಬಂದರೆ ಆರತಿ, ಬಣ್ಣದ ನೀರು, ಗದ್ದಲ. ಬರಿಗೈಯಲ್ಲಿ ಬಂದರೋ, ಬುಟ್ಟಿಯಲ್ಲಿ ಹಳೆಯ ಗಾಜಿನ ಬಳೆಗಳಿರುತ್ತವೆ. ಅವನ್ನು ತೊಟ್ಟುಕೊಂಡು, ಬೈಗುಳ ಕೇಳಿಸಿಕೊಂಡು, ಮನೆಯವರೆಗೂ ಹಾಗೆಯೇ ನಡೆದು ಹೋಗಬೇಕು. ತಮಾಷೆಯೇ, ಆದರೆ ಬಳೆ ತೊಟ್ಟವನಿಗೆ ಮುಂದಿನ ಯುಗಾದಿಯ ತನಕ ಹೋಟೆಲಿನಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು.

ಹುಲುಗೇಶನದೇ ಬಲೆ ಮನೆ. ಅಪ್ಪನಿಂದ ಬಂದ ಬಲೆ, ಅಪ್ಪನಿಂದ ಬಂದ ಕಟ್ಟಳೆ. ಆ ಕಟ್ಟಳೆ ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಬಲೆಗೆ ಬಿದ್ದ ಮೊಲವನ್ನು ಕೊಲ್ಲುವ ಮೊದಲು ಬಲೆಯವನು ಅದರ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ನೋಡಬೇಕು. ತುಂಬಿದ್ದರೆ ಬಲೆ ಎತ್ತಿ ಬಿಡಬೇಕು. ಬಿಟ್ಟದ್ದನ್ನು ಯಾರಿಗೂ ಹೇಳಬಾರದು. ಹೇಳಲು ಬಿಟ್ಟರೆ, ಬರಿಗೈಯಲ್ಲಿ ಬಂದವರೆಲ್ಲ ತುಂಬಿದ್ದನ್ನು ಬಿಟ್ಟು ಬಂದೆ ಎಂದು ಬೊಗಳೆ ಬಿಡುತ್ತಾರಲ್ಲ, ಅದಕ್ಕೆ.

ಹಳಬರು ಈ ಕಟ್ಟಳೆಯನ್ನು ಪುಣ್ಯ ಕಟ್ಟಿಕೊಳ್ಳಲು ಮಾಡಿದ್ದಲ್ಲ. ಯುಗಾದಿಯ ಹೊತ್ತಿಗೆ ಸಿಗುವ ಹೆಣ್ಣು ಮೊಲಗಳಲ್ಲಿ ಬಹಳಷ್ಟು ಮರಿ ಹೊತ್ತಿರುತ್ತವೆ. ಗಂಡು ಮೊಲ ಹಾರಿ, ತಿರುಗಿ, ಬಲೆಯ ಪಕ್ಕದಿಂದ ನುಸುಳಿ ಹೋಗುತ್ತದೆ. ಭಾರದ ಹೊಟ್ಟೆಯದು ನೇರ ಓಡಿ ಬಂದು ಬಲೆಗೆ ಬೀಳುತ್ತದೆ. ಆ ಕಾಲದ ಬೇಟೆಯಲ್ಲಿ ಸುಲಭವಾಗಿ ಸಿಗುವುದು ಬದುಕಿರಬೇಕಾದ ಜೀವವೇ. ಅದನ್ನು ಕೊಂದರೆ ಮುಂದಿನ ವರ್ಷದ ಮೊಲವನ್ನೂ ಇವತ್ತೇ ಕೊಂದಂತೆ. ಜಾಲಿ ಪೊದೆ, ಹುಲ್ಲು, ಹಾಳು ಹೊಲ ಎಲ್ಲ ಇದ್ದ ಕಾಲದಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ಬೀಳುತ್ತಿತ್ತು. ಕಾಲುವೆ ನೀರು ಬಂದು ಹೊಲವೆಲ್ಲ ಸಮ ಮಾಡಿ ಭತ್ತ ಹಾಕಿದ ಮೇಲೆ ದಿನವಿಡೀ ಕೂಗಿದರೂ ಒಂದು ಮೊಲ ಏಳುವುದು ಕಷ್ಟವಾಯಿತು. ಕಟ್ಟಳೆ ಹಾಗೆಯೇ ಉಳಿಯಿತು, ಬಳೆ ಬುಟ್ಟಿಯೂ ಉಳಿಯಿತು. ಎರಡರ ನಡುವೆ ಸಿಕ್ಕಿಬಿದ್ದವನು ಹುಲುಗೇಶ.

ಮದುವೆಯಾದ ಮೊದಲ ಯುಗಾದಿಗೆ ಅವನು ಬರಿಗೈಯಲ್ಲಿ ಬಂದ. ಹೊಸ ಸೊಸೆ ಸತ್ಯಮ್ಮನ ಕೈಗೆ ಹೆಂಗಸರು ಬೇಕೆಂದೇ ಬುಟ್ಟಿ ಕೊಟ್ಟರು. ಗಂಡನ ಮುಂದೆ ನಾಚಿಕೊಂಡು ನಿಲ್ಲುತ್ತಾಳೆ, ನೋಡಿ ನಗೋಣ ಎಂದು ಅವರ ಲೆಕ್ಕ. ನಾಚಿಕೊಳ್ಳುವ ಪೈಕಿಯೇ ಅವಳು? ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಮನ್ಯಾಗ ಇಲಿ ಓಡಿದ್ರ ಮಂಚ ಹತ್ತಿ ಕುಂದ್ರೋರು, ಮೊಲ ಹಿಡಿಯಾಕ ಹೋಗಿದ್ರಂತ. ಬರ್ರಿ ಮಾವಾ, ಗಾಜುಲು ವೇಸ್ಕೋಂಡಿ, ಬಳಿ ತೊಟ್ಕೊಳ್ರಿ. ನಾಳಿಗಿ ನಾನ ಹೋಗಿ ತರ್ತೀನಿ, ನೀವು ಮನ್ಯಾಗ ಕುಂತು ರೊಟ್ಟಿ ಬಡೀರಿ."

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಲುಗೇಶ ಎರಡೂ ಕೈ ಚಾಚಿದ. ಅಷ್ಟು ದೊಡ್ಡ ಕೈಗೆ ಹಸಿರು ಬಳೆ ಹೋಗುವುದಾದರೂ ಹೇಗೆ? ಅವಳು ಒತ್ತಿ ತೊಡಿಸುವಾಗ ಎರಡು ಬಳೆ ಒಡೆದು ಮುಂಗೈ ಗೀರಿತು. ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿಕೊಂಡ ಮೇಲೆ ನಗಲಿಲ್ಲ ಎಂಬುದನ್ನು ಆ ಗದ್ದಲದಲ್ಲಿ ಅವಳು ಗಮನಿಸಲಿಲ್ಲ.

ಆ ಮಾತು ಊರಿನ ಮಾತಾಯಿತು. ಹುಲುಗೇಶ ಕಿರಾಣಿ ಅಂಗಡಿಗೆ ಹೋದರೆ ರೊಟ್ಟಿ ಆಯಿತೇ ಎಂದು ಕೇಳುವವರು. ಅವನು ಯಾರಿಗೂ ತಿರುಗಿ ಅನ್ನಲಿಲ್ಲ. ವರ್ಷ ಉರುಳಿ ಮತ್ತೆ ಯುಗಾದಿ ಬಂತು, ಗಂಡಸರು ಹೋದರು, ಇಳಿಹೊತ್ತಿಗೆ ಬಂದರು. ಹುಲುಗೇಶನ ಕೈಯಲ್ಲಿ ಮೊಲ ತೂಗಾಡುತ್ತಿತ್ತು. ದೊಡ್ಡ ಮೊಲ. ಸತ್ಯಮ್ಮ ತಾನೇ ಆರತಿ ಎತ್ತಿದಳು, ನಮ್ಮ ಯಜಮಾನರ ಕೈ ಈ ಸಲ ಕೂಡಿ ಬಂತು ಎಂದು ಎಲ್ಲರಿಗಿಂತ ಜೋರಾಗಿ ನಕ್ಕಳು.

ದೀಪ ಹಚ್ಚುವ ಹೊತ್ತಿಗೆ ಅವನು ತಮ್ಮ ಮನೆಯ ಪಾಲು ತಂದು ಕೊಟ್ಟ. ಕೊಟ್ಟು ಬಚ್ಚಲಿಗೆ ಹೋಗಿ ಕೈ ತೊಳೆದ. ಬಂದು ಕೂತ, ಎದ್ದು ಹೋಗಿ ಮತ್ತೆ ತೊಳೆದ. ಮಸಾಲೆ ಅರೆಯುತ್ತಿದ್ದ ಸತ್ಯಮ್ಮ ಏನಾಯಿತೆಂದು ಕೇಳಿದಳು. ಅವನು ಹೊಸ್ತಿಲ ಮೇಲೆ ಕೂತು ಹೊರಗೆ ನೋಡುತ್ತ ಹೇಳಿದ.

"ಹ್ವಾದ ವರ್ಷ ತುಂಬಿದ್ದು ಬಿದ್ದಿತ್ತು, ಬಿಟ್ಟೆ. ಈ ವರ್ಷಾನೂ ತುಂಬಿದ್ದ ಬಿತ್ತು. ಬಿಡಾಕ ಆಗ್ಲಿಲ್ಲ."

ಆಮೇಲೆ ಬಲೆಯ ಕಟ್ಟಳೆ ಹೇಳಿದ, ಇನ್ನಷ್ಟು ಹೇಳಿದ. ಒಳಗೆ ಎರಡು ಮರಿಗಳಿದ್ದವು. ಕಾಡುಮೊಲದ ಮರಿ ಮನೆಯಲ್ಲಿ ಸಾಕುವ ಮೊಲದ ಮರಿಯ ಹಾಗಲ್ಲ, ಮೈತುಂಬ ಕೂದಲಿಟ್ಟುಕೊಂಡು ಕಣ್ಣು ಬಿಟ್ಟೇ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಕೂರಿಸಿ ದೂರ ಹೋಗಿರುತ್ತದೆ, ತಾನು ಹತ್ತಿರವಿದ್ದರೆ ನರಿಗೆ ದಾರಿ ತೋರಿಸಿದಂತೆ ಎಂದು. ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಆ ಎರಡೂ ಇನ್ನೇನು ಹುಟ್ಟುವುದರಲ್ಲಿದ್ದವು. ಕಣ್ಣು ಬಿಟ್ಟಿದ್ದವು, ಅಂದ. ಹೊಟ್ಟೆಯ ಕೆಳಗೆ ಅಂಗೈ ಇಟ್ಟಾಗ ಹೊರಳಾಡಿದ್ದವು, ಅಂದ. ಅವುಗಳನ್ನು ಕಾಲುವೆ ದಂಡೆಯಲ್ಲಿ ಹುಗಿದು ಬಂದಿದ್ದ.

ಬಳೆ ತೊಡಿಸಿದ್ದಕ್ಕೆ ಹೀಗಾಯಿತು ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸತ್ಯಮ್ಮನ ಕೈ ಒಳಕಲ್ಲಿನ ಮೇಲೆ ನಿಂತೇಬಿಟ್ಟಿತು. ಅವತ್ತು ಅವನು ಉಣ್ಣಲಿಲ್ಲ. ಬೇಟೆಯ ಪಾಲನ್ನು ಎಸೆಯುವಂತಿಲ್ಲ, ಎಸೆದರೆ ಪಕ್ಕದ ಮನೆಯವರು ಯಾಕೆ ಎನ್ನುತ್ತಾರೆ. ಅವಳೊಬ್ಬಳೇ ಕೂತು ಉಂಡಳು. ಪ್ರತಿ ತುತ್ತಿಗೂ ನೀರು ಕುಡಿದು ನುಂಗಿದಳು.

ಹುಲುಗೇಶ ಬಲೆಯನ್ನು ತಮ್ಮ ಎರ್ರಣ್ಣನಿಗೆ ಕೊಟ್ಟುಬಿಟ್ಟ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ ಕೆಲಸ ಹಿಡಿದ. ಮನೆಯಲ್ಲಿ ಜಗಳವಿಲ್ಲ, ಹೊಡೆತವಿಲ್ಲ. ಸತ್ಯಮ್ಮ ಏನಾದರೂ ಅಂದರೆ ತಲೆ ಎತ್ತಿ ನೋಡುತ್ತಿದ್ದ, ತುಟಿ ತುಸು ಅಲುಗುತ್ತಿತ್ತು, ಅಷ್ಟೇ. ಹೊಟ್ಟೆ ಅಲುಗಿಸಿ ನಗುವ ಗಂಡ ಅವಳಿಗೆ ಮತ್ತೆ ಸಿಗಲಿಲ್ಲ. ಊರಿಗೆಲ್ಲ ನಗು ಹಂಚುವವಳ ಮನೆಯೊಳಗೆ ನಗು ಇಲ್ಲ ಎಂಬುದು ಯಾರಿಗೆ ತಿಳಿಯಬೇಕು?

ಮುಂದೆ ಎರಡು ಸಲ ಅವಳು ಬಸಿರಾದಳು. ಮೊದಲನೆಯದು ಮೂರು ತಿಂಗಳಿಗೆ ಊರಲ್ಲೇ ಹೋಯಿತು. ಎರಡನೆಯದು ಎಂಟು ತುಂಬಿದ ಮೇಲೆ ಬಳ್ಳಾರಿಯ ಆಸ್ಪತ್ರೆಯಲ್ಲಿ. ಗಂಡು ಕೂಸು, ತಲೆ ತುಂಬ ಕೂದಲು. ಡಾಕ್ಟರಮ್ಮ ಪಕ್ಕದಲ್ಲಿ ಕೂತು ಸಮಾಧಾನವಾಗಿಯೇ ತಿಳಿಸಿ ಹೇಳಿದಳು: ನಿಮ್ಮ ರಕ್ತದ ಗುಂಪು ಬೇರೆ, ನಿಮ್ಮ ಯಜಮಾನರದು ಬೇರೆ, ಮೊದಲನೆಯದು ಹೋದಾಗಲೇ ಒಂದು ಇಂಜೆಕ್ಷನ್ ಕೊಡಬೇಕಿತ್ತು, ಅದು ಆಗಲಿಲ್ಲ, ಇದರಲ್ಲಿ ನಿಮ್ಮದೂ ಅವರದೂ ತಪ್ಪಿಲ್ಲ. ಸತ್ಯಮ್ಮ ದಡ್ಡಿಯಲ್ಲ, ಹೇಳಿದ್ದು ಅವಳಿಗೆ ಅರ್ಥವಾಯಿತು. ಆದರೂ ಹಾಸಿಗೆಯ ಆ ಕಡೆ ನಿಂತಿದ್ದ ಹುಲುಗೇಶ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದುದನ್ನು ಅವಳು ಕಂಡಳು. ತಪ್ಪು ತನ್ನ ಕೈಯದು ಎಂದು ಅವನು ಅಂದುಕೊಂಡ, ತನ್ನ ನಾಲಿಗೆಯದು ಎಂದು ಅವಳು ಅಂದುಕೊಂಡಳು. ಒಬ್ಬರಿಗೊಬ್ಬರು ಹೇಳಲಿಲ್ಲ.

ಅಷ್ಟಾದರೂ ವರ್ಷವರ್ಷವೂ ಅವಳು ಬುಟ್ಟಿ ಹಿಡಿದಳಲ್ಲ, ಯಾಕೆ ಎಂದು ನೀವು ಕೇಳಬಹುದು. ಹಿಡಿಯುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಹುಲುಗೇಶ ಕಟ್ಟಳೆ ಮುರಿದದ್ದು ಊರಿಗೆ ಗೊತ್ತಾಗುತ್ತದೆ. ಹಾಗಾಗಿ ಹಿಡಿದಳು, ಅಂದಳು, ನಗಿಸಿದಳು. ಬಲೆ ಹೊತ್ತ ಎರ್ರಣ್ಣನಿಗೆ ಮಾತ್ರ ಒಂದು ದಿನವೂ ಬಳೆ ತೊಡಿಸಲಿಲ್ಲ. ಮೈದುನನ ಮೇಲೆ ಪ್ರೀತಿ ಎಂದು ಜನ ಅಂದುಕೊಂಡರು. ಒಂದು ವರ್ಷ ಗಂಡಸರು ಬಳ್ಳಾರಿಗೆ ಹೋಗಿ ಸಾಕಿದ ಬಿಳಿ ಮೊಲ ಕೊಂಡು ತಂದು, ಬೇಟೆಯಾಡಿ ತಂದೆವು ಎಂದು ಎದೆ ಸೆಟೆಸಿ ನಿಂತಿದ್ದರು. ಇದು ಯಾವ ಹೊಲದಾಗ ಪೌಡರ್ ಹಚ್ಕೊಂಡು ಕುಂತಿತ್ರೀ ಎಂದು ಸತ್ಯಮ್ಮ ಕೇಳಿದ್ದನ್ನು ಊರು ಇವತ್ತಿಗೂ ಮರೆತಿಲ್ಲ. ಆ ದಿನ ಮನಸ್ಸಿನಲ್ಲಿ ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ಹೊಲದ ಮೊಲ ಹೊಲದಲ್ಲೇ ಉಳಿಯಿತು ಎಂದು.

ಹೋದ ಮಳೆಗಾಲದಲ್ಲಿ ಹುಲುಗೇಶನಿಗೆ ಎದೆನೋವು ಬಂತು. ಮತ್ತೆ ಬಳ್ಳಾರಿ, ಮತ್ತೆ ಆಸ್ಪತ್ರೆಯ ಹಾಸಿಗೆ. ಮೂಗಿಗೆ ನಳಿಗೆ ಹಾಕಿದ್ದರು. ಸತ್ಯಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಇಷ್ಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಬರಿಗೈಲಿ ಬಂದದ್ದೇ ಒಳ್ಳೆಯದಾಗಿತ್ತು, ನಾನು ಅನ್ನಬಾರದಿತ್ತು; ಎರಡೇ ಮಾತು. ಅವನು ಕಣ್ಣು ತೆರೆದು ಅವಳ ಕಡೆ ನೋಡಿದ. ಬಾಯಿಂದ ಬಂದದ್ದೇನು? ಏಳ್ರಿ, ಮಲಗಿದ್ರ ಮಿಲ್ಲಿನ ಸಾವ್ಕಾರ ಸಂಬಳ ಕೊಡ್ತಾನೇನು ಎಂಬ ಅದೇ ಕೊಂಕು ಮಾತು. ಅವನ ತುಟಿ ತುಸು ಅಲುಗಿತು. ಬೆಳಿಗ್ಗೆಯಾಗುವಷ್ಟರಲ್ಲಿ ಹೋಗಿಬಿಟ್ಟ.

ಎರ್ರಣ್ಣನಿಗೆ ಮೊಣಕಾಲು ನೋವು, ಹಾಗಾಗಿ ಈ ವರ್ಷ ಬಲೆ ಅವನ ಮಗ ಮಾರೇಶನ ಹೆಗಲಿಗೆ ಬಂತು. ತಾಯಿ ತೀರಿಕೊಂಡ ಮೇಲೆ ಮಾರೇಶ ಬೆಳೆದದ್ದು ಸತ್ಯಮ್ಮನ ಕೈಯಲ್ಲೇ. ಈಗ ಭತ್ತ ಕೊಯ್ಯುವ ಮಷೀನು ಓಡಿಸುತ್ತಾನೆ. ಮಾತು ಕಡಿಮೆ, ಅದು ದೊಡ್ಡಪ್ಪನಿಂದಲೇ ಕಲಿತದ್ದಿರಬೇಕು. ಅವನ ಹೆಂಡತಿ ನೀಲಾವತಿ ಸಿರುಗುಪ್ಪದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಮಾತಿನಲ್ಲಿ ಥೇಟ್ ಸತ್ಯಮ್ಮನೇ ಎಂದು ಜನ ಹೇಳುತ್ತಿದ್ದರು. ವಿಧವೆಯಾದವಳು ಆರತಿಯ ಜಾಗದಲ್ಲಿ ನಿಲ್ಲುವಂತಿಲ್ಲ ಎಂದು ಹೆಂಗಸರು ಬಳೆ ಬುಟ್ಟಿಯನ್ನು ಸತ್ಯಮ್ಮನ ಮನೆಯಿಂದ ಎತ್ತಿ ನೀಲಾವತಿಗೆ ಕೊಟ್ಟರು. ಹೊಸ ಹೆಂಡತಿಯ ಕೈಯಲ್ಲಿ ಬುಟ್ಟಿ, ಗಂಡನ ಹೆಗಲ ಮೇಲೆ ಬಲೆ. ಸತ್ಯಮ್ಮನಿಗೆ ನಿದ್ದೆ ಹತ್ತಲಿಲ್ಲ. ತನಗೂ ಹುಲುಗೇಶನಿಗೂ ಆದದ್ದು ಈ ಇಬ್ಬರಿಗೂ ಆಗಬಾರದು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಹಬ್ಬದ ಹಿಂದಿನ ವಾರ ಫಾರೆಸ್ಟಿನ ಗಾರ್ಡ್ ಚಿದಾನಂದಪ್ಪ ಬೈಕಿನಲ್ಲಿ ಬಂದು ಗುಡಿ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದ. ಮೊಲ ಹೊಡೆದರೂ ಕೇಸು, ಜಿಂಕೆಯಾದರಂತೂ ಜಾಮೀನು ಸಿಗುವುದೂ ಕಷ್ಟ ಎಂದ. ಮರಿ ಹಾಕುವ ಕಾಲಕ್ಕಾದರೂ ಬಿಡಿ, ನಿಮ್ಮ ಹೊಲದಲ್ಲಿ ನೀವೇ ನೋಡಿದ್ದೀರಲ್ಲ, ಹಿಂದೆ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಕೇಳಿದ. ಗಂಡಸರು ತಲೆ ಆಡಿಸಿದರು. ಶಾಸ್ತ್ರಕ್ಕೆ ಒಂದು ಸುತ್ತು ಹೋಗಿ ಬರುತ್ತೇವೆ ಸರ್, ಹೊಡೆಯುವುದಿಲ್ಲ ಎಂದರು. ಆಗ ಮಾರೇಶ ಒಂದು ಮಾತು ಹೇಳಿದ.

"ನಾವು ಬಿಟ್ಟು ಬಂದ್ರೂ ಊರಾಗಿನ ಹೆಣ್ಮಕ್ಳು ನಮ್ಮನ್ನ ಬಿಡಬೇಕಲ್ರಿ ಸರ್."

ಎಲ್ಲರೂ ನಕ್ಕರು. ಗಾರ್ಡ್ ಕೂಡ ನಕ್ಕ. ಗುಡಿ ಎದುರಿನ ತನ್ನ ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಸತ್ಯಮ್ಮ ಮಾತ್ರ ಒಳಗೆ ಹೋದಳು.

ಯುಗಾದಿಯ ದಿನ ಬೇವು ಕುಡಿದು, ಹೋಳಿಗೆ ಉಂಡು ಮುಗಿದ ಮೇಲೆ ನೀಲಾವತಿ ಬುಟ್ಟಿ ಹಿಡಿದು ಅವಳ ಹತ್ತಿರ ಬಂದಳು. ಒಡಕು ಬಳೆಗಳನ್ನು ಆರಿಸಿ ತೆಗೆಯುತ್ತ ಕೂತಳು. ಇವತ್ತು ಹೇಳಿಬಿಡುತ್ತೇನೆ ಎಂದು ಸತ್ಯಮ್ಮ ಗಟ್ಟಿ ಮಾಡಿಕೊಂಡಳು. ಅಷ್ಟರಲ್ಲಿ ಹುಡುಗಿಯೇ ಕೇಳಿದಳು.

"ಅತ್ತಿ, ದೊಡ್ಡ ಮಾವಗ ನೀವು ಏನೋ ಅಂದಿದ್ರಂತಲ್ಲ, ಊರೆಲ್ಲ ಹೇಳ್ತೈತಿ. ಒಮ್ಮಿ ನಿಮ್ಮ ಬಾಯಿಲೆ ಕೇಳಬೇಕು ನೋಡ್ರಿ."

ಅದನ್ನು ಹೇಳಿ, ಅದರಿಂದ ಏನಾಯಿತು ಎಂಬುದನ್ನೂ ಹೇಳೋಣ ಎಂದುಕೊಂಡಳು ಸತ್ಯಮ್ಮ. ಇಲಿಯಿಂದ ಶುರು ಮಾಡಿದಳು. ನಾಲಿಗೆಗೆ ದಾರಿ ಗೊತ್ತಿತ್ತು. ಧಾಟಿಯೂ ತಾನಾಗಿಯೇ ಬಂತು, ಕೈಯ ತಿರುವೂ ಬಂತು. ರೊಟ್ಟಿ ಬಡೀರಿ ಎನ್ನುವಷ್ಟರಲ್ಲಿ ನೀಲಾವತಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಪಕ್ಕದ ಮನೆಯ ಹೆಂಗಸರೂ ಬಂದು ಸೇರಿಕೊಂಡು ಇನ್ನೊಮ್ಮೆ ಹೇಳು ಎಂದರು. ಮುಂದಿನದನ್ನು ಹೇಳಲು ಬಾಯಿ ತೆರೆದರೆ ಅವರು ಅದಕ್ಕೂ ನಗಲು ತಯಾರಾಗಿ ಕೂತಿದ್ದರು. ಈ ಬಾಯಿಂದ ಬಂದದ್ದು ಯಾವುದೂ ಅಳುವ ಮಾತಾಗಿರಲು ಸಾಧ್ಯವಿಲ್ಲ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಸತ್ಯಮ್ಮ ಒಲೆಯ ಕಡೆಗೆ ಎದ್ದು ಹೋದಳು.

ಮರುದಿನ ಬಿಸಿಲಿಳಿಯುವ ಹೊತ್ತಿಗೆ ಹೆಂಗಸರು ಬೇವಿನ ಮರದ ಕೆಳಗೆ ಸೇರಿದರು. ಸತ್ಯಮ್ಮ ಅವರಿಂದ ದೂರ, ಗುಡಿಯ ಗೋಡೆಯ ನೆರಳಿನಲ್ಲಿ ಒಂದು ಕೊಡ ನೀರಿಟ್ಟುಕೊಂಡು ಕೂತಳು. ಯಾಕೆ ನೀರು ಎಂದು ಯಾರೋ ಕೇಳಿದ್ದಕ್ಕೆ, ಬಾಯಾರಿಕೆ ಎಂದಳು. ದೂರದ ಭತ್ತದ ಗದ್ದೆಯ ಬದುವಿನ ಮೇಲೆ ಗಂಡಸರ ಸಾಲು ಕಂಡಿತು. ಹಾಡಿಲ್ಲ, ಕೂಗಿಲ್ಲ. ಮುಂದೆ ಮಾರೇಶ, ಹೆಗಲ ಮೇಲೆ ಸುತ್ತಿದ ಬಲೆ, ಎರಡೂ ಕೈ ಖಾಲಿ.

ಹೆಂಗಸರು ಕೇಕೆ ಹಾಕಿದರು. ನೀಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು, ಹುಡುಗಿ ಏನೂ ಮರೆತಿರಲಿಲ್ಲ. ಇಲಿ, ಮಂಚ, ಗಾಜುಲು, ರೊಟ್ಟಿ, ಎಲ್ಲವೂ ಅದೇ ಧಾಟಿಯಲ್ಲಿ ಬಂದವು. ಊರು ಹೊಟ್ಟೆ ಹಿಡಿದುಕೊಂಡಿತು. ಮಾರೇಶ ಎರಡೂ ಕೈ ಚಾಚಿದ. ಮುಖ ಒರೆಸಿಕೊಳ್ಳಲು ಅವನ ಹತ್ತಿರ ಟವೆಲ್ ಇರಲಿಲ್ಲ, ಭುಜಕ್ಕೆ ಮುಖ ಉಜ್ಜಿಕೊಂಡ. ಅದನ್ನು ನೋಡಿದ ಸತ್ಯಮ್ಮನಿಗೆ ಅಂದು ತಾನು ನೋಡದೇ ಹೋದದ್ದು ಏನೆಂಬುದು ಇಂದು ಕಣ್ಣಿಗೆ ಕಟ್ಟಿತು. ಹುಲುಗೇಶನೂ ಹೀಗೆಯೇ ನಿಂತಿದ್ದ, ಹೀಗೆಯೇ ಕೈ ಚಾಚಿದ್ದ.

ಅವಳು ಕೊಡ ಎತ್ತಿಕೊಂಡು ಆರತಿಯ ಜಾಗಕ್ಕೆ ಬಂದಳು. ಯಾರೋ ತಡೆಯಲು ಕೈ ನೀಡಿದರು, ಅವಳು ನೋಡಲಿಲ್ಲ. ಮಾರೇಶನ ಹತ್ತಿರ ನಿಂತು, ಅವನೊಬ್ಬನಿಗೇ ಕೇಳುವಷ್ಟು ಸಣ್ಣಗೆ ಕೇಳಿದಳು.

"ತುಂಬಿತ್ತೇನು?"

ಹೇಳಬಾರದ ಮಾತು. ಅವನು ದೊಡ್ಡವ್ವನ ಮುಖ ನೋಡಿದ. ಹೌದೆಂದು ತಲೆ ಆಡಿಸಿದ.

ಸತ್ಯಮ್ಮ ಬಗ್ಗಿ ಅವನ ಎರಡೂ ಕಾಲಿಗೆ ನೀರು ಸುರಿದಳು. ಮಣ್ಣು ಕರಗಿ ಕೆಳಗೆ ಹರಿಯಿತು. ಅವನ ಹೆಗಲಿನಿಂದ ಬಲೆ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡಳು. ಆಮೇಲೆ ನೀಲಾವತಿಯ ಕಡೆ ತಿರುಗಿದಳು.

"ಬುಟ್ಟಿ ಇಳಿಸವ್ವ. ಬರಿಗೈಲೆ ಬಂದಾನ, ಛಲೋ ಮಾಡ್ಯಾನ. ನನ್ನ ಗಂಡನೂ ಒಮ್ಮಿ ಹಿಂಗ ಬಂದಿದ್ದ. ಅವತ್ತ ನಾನು ಈ ಮಾತು ಅಂದಿದ್ರ ನನ್ನ ಮನಿ ನಗತಿತ್ತು."

ನಗಲು ಒಂದಿಬ್ಬರು ಶುರು ಮಾಡಿ ನಡುವೆಯೇ ನಿಲ್ಲಿಸಿದರು. ಸತ್ಯಮ್ಮ ಅಳುತ್ತಿದ್ದಳು. ಎಲ್ಲರೆದುರು, ಮುಖ ಮುಚ್ಚಿಕೊಳ್ಳದೆ, ಮೂಗು ಸೋರಿಸಿಕೊಂಡು ಅಳುತ್ತಿದ್ದಳು. ಗಂಡ ಸತ್ತ ದಿನವೂ ಅವಳು ಹೀಗೆ ಅತ್ತದ್ದನ್ನು ಊರು ನೋಡಿರಲಿಲ್ಲ. ನೀಲಾವತಿ ಬುಟ್ಟಿಯನ್ನು ನೆಲಕ್ಕಿಟ್ಟಳು. ಗಂಡಸರು ಬಳೆಯಿಲ್ಲದ ಕೈಗಳನ್ನು ಎಲ್ಲಿಡಬೇಕು ತಿಳಿಯದೆ ಒಬ್ಬೊಬ್ಬರೇ ಮನೆಗೆ ಹೋದರು.

ಮಾರೇಶ ಕೊಡ ಎತ್ತಿಕೊಂಡು, ದೊಡ್ಡವ್ವನನ್ನು ಕೈಹಿಡಿದು ಮನೆಗೆ ಕರೆತಂದ. ಬಲೆಯನ್ನು ಗೂಟಕ್ಕೆ ಹಾಕಿ ಹೊಸ್ತಿಲ ಹತ್ತಿರ ಕೂತ. ಅವಳು ಒಳಗೆ ಗೋಡೆಗೆ ಒರಗಿದಳು. ನಿನಗೆ ಮೊಲದ ಹೊಟ್ಟೆ ಮುಟ್ಟಿ ನೋಡುವುದನ್ನು ಯಾರು ಹೇಳಿಕೊಟ್ಟರು, ಎರ್ರಣ್ಣನೇ ಎಂದು ಕೇಳಿದಳು. ಅಲ್ಲ, ದೊಡ್ಡಪ್ಪ ಎಂದ ಮಾರೇಶ. ಆಸ್ಪತ್ರೆಗೆ ಸೇರುವ ಮುಂಚೆ ಒಂದು ದಿನ ಮಿಲ್ಲಿನ ಹತ್ತಿರ ಕರೆದು ಕೂರಿಸಿಕೊಂಡು ಎಲ್ಲ ಹೇಳಿದ್ದ. ಬಿಟ್ಟ ವರ್ಷದ್ದು, ಬಿಡದ ವರ್ಷದ್ದು, ಕಾಲುವೆ ದಂಡೆಯಲ್ಲಿ ಹುಗಿದದ್ದು, ಎಲ್ಲ. ಬಳೆ ತೊಟ್ಟು ಊರೊಳಗೆ ನಡೆದ ಆ ದಿನವೇ ನಾನು ಸರಿ ಇದ್ದೆ, ನೀನೂ ಹಾಗೇ ನಡೆ ಎಂದಿದ್ದ.

ಸತ್ಯಮ್ಮ ತಲೆ ಎತ್ತಿದಳು. ನನ್ನ ಬಗ್ಗೆ ಏನಂದ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಕೇಳದಿದ್ದರೂ ಮಾರೇಶ ಹೇಳಿದ, ನೆಲ ನೋಡುತ್ತ.

"ನಿಮಗ ಹೇಳಬ್ಯಾಡ ಅಂದಿದ್ದ, ದೊಡ್ಡವ್ವ. ಆಕಿ ಮಾತು ಕೇಳ್ಕೊಂತ ನಾನು ಬದುಕೀನಿ, ಅವತ್ತಿನ ಮಾತು ನನಗ ನಟ್ಟಿದ್ದು ಗೊತ್ತಾದ್ರ ಆಕಿ ಮಾತಾಡೋದ ಬಿಡ್ತಾಳ, ಅದಕ್ಕ ನಾನು ಸುಮ್ಮನ ಇರ್ತೀನಿ ಅಂದ."

ಅವಳು ಗಂಡನ ಮೌನವನ್ನು ಸಿಟ್ಟು ಎಂದುಕೊಂಡಿದ್ದಳು. ಅಷ್ಟು ವರ್ಷ ಅದರ ಪಕ್ಕದಲ್ಲಿ ಮಲಗಿ ಎದ್ದಿದ್ದಳು.

"ಇನ್ನೇನಂದ?" ಎಂದು ಕೇಳಿದಳು.

"ಅಷ್ಟ," ಎಂದ ಮಾರೇಶ.

ಹೊರಗೆ ಕತ್ತಲಾಗುತ್ತಿತ್ತು. ಗದ್ದೆಯ ಆಚೆ ಎಲ್ಲೋ ಆ ಮೊಲ ಹುಲ್ಲಿನಲ್ಲಿ ಮಗ್ಗುಲಾಗಿರಬೇಕು. ಸತ್ಯಮ್ಮ ಎದ್ದು, ಕೊಡದಲ್ಲಿ ಉಳಿದಿದ್ದ ನೀರನ್ನು ತಂದು, ಮಾರೇಶನ ಕಾಲಿಗೆ ಸುರಿದ ಹಾಗೆಯೇ ಹುಲುಗೇಶ ಕೂರುತ್ತಿದ್ದ ಹೊಸ್ತಿಲ ಮುಂದೆ ನಿಧಾನವಾಗಿ ಸುರಿದಳು. ಆಮೇಲೆ ದೀಪ ಹಚ್ಚಿದಳು.